ಎಡಕ್ಕೆ ಹಾರುವ ವಿಮಾನಗಳು

ಮಾರ್ಚ್ 20, 2024, ಬುಧವಾರ

ಕೋವಿ ಇವತ್ತು ಠಾಣೆಗೆ ಹೋಯಿತು. ಚುನಾವಣೆ ಘೋಷಣೆಯಾದರೆ ತಾಲ್ಲೂಕಿನ ಬೆಳೆ ರಕ್ಷಣೆಯ ಕೋವಿಗಳೆಲ್ಲ ಹೊಸನಗರದ ಪೊಲೀಸ್ ಠಾಣೆಯ ಗೋಡೆಗೆ ಒರಗಿ ನಿಲ್ಲುತ್ತವೆ. ಮತ ಎಣಿಕೆ ಮುಗಿದ ಮೇಲೆ ಮನೆಗೆ ಬರುತ್ತವೆ. ಮಾವ ಪ್ರತಿ ಸಲವೂ ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಮಾಡಿಕೊಂಡು ಹೋಗುತ್ತಾರೆ. ಈ ಸಲವೂ ನಳಿಗೆಗೆ ಎಣ್ಣೆ ಸವರಿ, ಹಳೆ ಪಂಚೆಯಲ್ಲಿ ಸುತ್ತಿ, ನಮ್ಮ ಯಜಮಾನರ ಬಸ್ಸಿನಲ್ಲೇ ಹೋದರು. ಯಜಮಾನರು, ಅಂದರೆ ದುರ್ಗೇಶ್, ಸಾಗರ–ಹೊಸನಗರ–ತೀರ್ಥಹಳ್ಳಿ ಬಸ್ಸಿನ ಡ್ರೈವರ್. ರಸ್ತೆ ಬಿಟ್ಟು ಬೇರೆ ಕಡೆ ನೋಡಬಾರದು ಎಂಬ ನಿಯಮವನ್ನು ಮನೆಯಲ್ಲೂ ಪಾಲಿಸುತ್ತಾರೆ. ಅಪ್ಪನ ಕಡೆ ನೋಡುವುದೇ ಇಲ್ಲ.

ಬರೆಯುವುದು ನನಗೆ ನಾನೇ ಆದ್ದರಿಂದ ಸುಳ್ಳು ಬೇಡ. ಕೋವಿ ಹೋದದ್ದು ನನಗೆ ಹಾಯೆನಿಸಿತು.

ಶಿವರಾತ್ರಿಯ ಮಾರನೆ ದಿನ ಹಲಸಿನ ಮರಕ್ಕೆ ಮಂಗ ಬಂದವು ಅಂತ ಮಾವ ಹೊಡೆದರು. ಅದೇ ಹೊತ್ತಿಗೆ ಪಕ್ಕದ ಮನೆಯ ಜಟ್ಟಿಂಗಪ್ಪಣ್ಣ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಗದ್ದೆಯಂಚಿನ ಮೇಲೆ ಬರುತ್ತಿದ್ದರು. ಕೋವಿಯಿಂದ ಸಿಡಿದ ಸೀಸದ ಚರೆಯೆಲ್ಲ ಹೊರೆಗೆ ಹೊಕ್ಕಿತು. ಜಟ್ಟಿಂಗಪ್ಪಣ್ಣ ಹೊರೆ ಇಳಿಸಿ, ಹುಲ್ಲಿನೊಳಗಿಂದ ಚರೆ ಒಂದೊಂದೇ ಹೆಕ್ಕುತ್ತ, "ಮಾಸ್ತಪ್ಪಣ್ಣ, ಈ ಹುಲ್ಲು ತಿನ್ನೋದು ನಮ್ಮನೆ ಎಮ್ಮೆ. ಅದಕ್ಕೆ ಸೀಸ ಆಗಿಬರಲ್ಲ ಮಾರಾಯ" ಅಂದರು. ಮಾತು ತಮಾಷೆಯದು, ಹೊರೆ ಮಾತ್ರ ಮತ್ತೆ ತಲೆಗೆ ಏರಿಸಲಿಲ್ಲ.

ಮಾವ ಕೇಳಿದ್ದು ಒಂದೇ. "ಇವ ಎಲ್ಲಿಂದ ಬಂದ? ಮರದಿಂದ ಉದುರಿದ್ನಾ?"

ಜಟ್ಟಿಂಗಪ್ಪಣ್ಣ ಯಾರ ಮೇಲೂ ದೂರು ಕೊಡುವ ಪೈಕಿ ಅಲ್ಲ. ಆದರೆ ಜೂನ್ ನಾಲ್ಕಕ್ಕೆ ಎಣಿಕೆ, ಆಮೇಲೆ ಕೋವಿ ಮನೆಗೆ. ಅಷ್ಟರೊಳಗೆ 'ಕೋವಿ ಬೇಡ' ಅನ್ನುವ ಮಾತು ಮಾವನ ಬಾಯಿಂದಲೇ ಬರಬೇಕು. ಇಲ್ಲದಿದ್ದರೆ ಇನ್ನೊಂದು ಸಲ ಚರೆ ಒಂದು ಗೇಣು ಕೆಳಗೆ ಹೋಗುತ್ತದೆ.

ಕೋವಿ ಹೊರಟಿತು ಠಾಣೆಗೆ,
ನಿದ್ದೆ ಬಂದಿತು ಕೋಣೆಗೆ.

ಮಾರ್ಚ್ 24, ಭಾನುವಾರ

ಮಂಗಗಳಿಗೆ ಚುನಾವಣಾ ನೀತಿಸಂಹಿತೆ ಅನ್ವಯಿಸುವುದಿಲ್ಲ. ಬೆಳಿಗ್ಗೆಯೇ ಬಾಳೆಗೆ ಇಳಿದವು. ನಾನು ಹಿತ್ತಲಿನಿಂದ ಖಾಲಿ ಎಣ್ಣೆಡಬ್ಬ, ಸೌದೆ ತುಂಡು ಹಿಡಿದು ಓಡಿದೆ. ಎರಡು ಏಟು ಬಿದ್ದಿತ್ತೋ ಇಲ್ಲವೋ, ಜಗುಲಿಯಿಂದ ಮಾವನ ಗುಡುಗು:

"ಇಡು ಅದನ್ನ ಕೆಳಗೆ! ಈ ಮನೇಲಿ ಡಬ್ಬ ಬಡಿಯೋ ಕಾಲ ಮುಗೀತು."

ಇಟ್ಟೆ. ಗೊನೆ ಹೋಯಿತು.

ಡಬ್ಬದ ಕತೆ ನನಗೆ ಗೊತ್ತಿಲ್ಲದ್ದಲ್ಲ. ಗೇಣಿಗೆ ಉಳುತ್ತಿದ್ದ ಕಾಲದಲ್ಲಿ ಧಣಿಗಳ ಮನೆಯಲ್ಲಿ ಕೋವಿ, ಒಕ್ಕಲ ಮನೆಯಲ್ಲಿ ಡಬ್ಬ. ಮಾವ ಮೀಸೆ ಬರುವ ಮೊದಲಿನಿಂದಲೂ ಗದ್ದೆ ಕಾಯುವ ಮಾಳದಲ್ಲಿ ಕೂತು ಡಬ್ಬ ಬಡಿದವರು. ಧಣಿಗಳು ಬೇಟೆಗೆ ಹೊರಟರೆ ಕಾಡೊಳಗೆ ಕೂಗು ಹಾಕಿ ಪ್ರಾಣಿ ಎಬ್ಬಿಸಲು ಹೋದವರು. ಗದ್ದೆ ತಮ್ಮ ಹೆಸರಿಗೆ ಆದ ಮೇಲೆ ಮೊದಲು ಮಾಡಿದ ಕೆಲಸ ಕೋವಿಯ ಲೈಸೆನ್ಸಿಗೆ ಓಡಾಡಿದ್ದು. ನಮ್ಮ ಕೇರಿಗೆ ಬಂದ ಮೊದಲ ಕೋವಿ ಅದು. ಅದು ಮನೆಗೆ ಬಂದ ದಿನ ಅತ್ತೆ ಶೇಷಮ್ಮ ಆರತಿ ಎತ್ತಿದ್ದರಂತೆ. ಅತ್ತೆ ಹೋಗಿ ಮೂರು ವರ್ಷ ಆಯಿತು. ಕೋವಿಯ ಗೂಟದ ಕೆಳಗೆ ಅವರ ಫೋಟೋ ಇದೆ.

ಹಾಗಾಗಿ ಅದು ಬರೀ ಕಬ್ಬಿಣವೂ ಮರವೂ ಅಲ್ಲ. ಒಪ್ಪಿದೆ. ಆದರೆ ಜಟ್ಟಿಂಗಪ್ಪಣ್ಣನಿಗೂ ತಲೆ ಒಂದೇ ಇರುವುದು.

ಇವರಿಗೆ ಹೇಳಿದೆ. "ನೀವೊಂದು ಮಾತು ಹೇಳಿ ನಿಮ್ಮಪ್ಪಂಗೆ."

"ನೋಡನ" ಅಂದರು. ಅವರ 'ನೋಡನ'ದಲ್ಲಿ ನೋಟ ಇರುವುದಿಲ್ಲ.

ಏಪ್ರಿಲ್ 9, ಮಂಗಳವಾರ, ಯುಗಾದಿ

ಬೇವುಬೆಲ್ಲ ಆಯಿತು. ಬೆಲ್ಲ ಬಟ್ಟಲಲ್ಲಿ, ಬೇವು ಊಟದ ಎಲೆಯ ಮುಂದೆ.

"ಉಪ್ಪಿನಕಾಯಿ ಇಲ್ವಾ?" ಅಂದರು ಮಾವ.

ಎಲೆಯ ತುದಿಯಲ್ಲಿ, ಎಡಕ್ಕೆ, ಉಪ್ಪಿನ ಪಕ್ಕ, ಎಲ್ಲರ ಮನೆಯಲ್ಲಿ ಎಲ್ಲಿರುತ್ತದೋ ಅಲ್ಲೇ ಇತ್ತು. ಅಪ್ಪೆಮಿಡಿ, ನಾನೇ ಹಾಕಿದ್ದು. ಬೇಸರಕ್ಕೆ ಇನ್ನೊಂದು ಮಿಡಿ ತಂದು ಅದರ ಮೇಲೇ ಬಡಿಸಿದೆ. ಊಟ ಮುಗಿದಾಗ ಎರಡೂ ಹಾಗೇ ಇದ್ದವು. ಸಂಕ್ರಾಂತಿ ಕಳೆದಾಗಿನಿಂದ ಇದೇ ರಾಗ: ಉಪ್ಪು ಹಾಕಿಲ್ಲ, ಪಲ್ಯ ಬಡಿಸಿಲ್ಲ, ಲೋಟ ಇಟ್ಟಿಲ್ಲ. ಅತ್ತೆಯ ಕೈಯಡುಗೆ ನೆನಪಾದರೆ ನೇರ ಹೇಳಲಿ. ಇಪ್ಪತ್ತು ವರ್ಷ ಬಡಿಸಿದವಳ ಎದುರು ಈ ನಾಟಕ ಯಾಕೆ?

ಎಲೆಯ ತುದಿಯಲಿ ಉಪ್ಪಿನಕಾಯಿ,
ಎದುರಿಗೆ ಕೂತಿದೆ ಉಪ್ಪಿಲ್ಲದ ಬಾಯಿ.

ಮಗಳು ಯಶಸ್ವಿನಿ ಶಿವಮೊಗ್ಗದ ಕಾಲೇಜಿನಿಂದ ರಜೆಗೆ ಬಂದಿದ್ದಾಳೆ. ಬಂದವಳೇ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ವಿಮಾನದ ಆಟಕ್ಕೆ ಕೂತಳು. ಮಹಾಯುದ್ಧದ ಕಾಲದ, ಮೂಗಿನ ತುದಿಯಲ್ಲಿ ಫ್ಯಾನು ತಿರುಗುವ ವಿಮಾನಗಳು. ಆಕಾಶದಲ್ಲೇ ಒಂದನ್ನೊಂದು ಅಟ್ಟಿಕೊಂಡು ಹೋಗಿ ಹೊಡೆಯಬೇಕು. ಮಾವ ಕೈ ತೊಳೆದು ಒಳಗೆ ಬಂದವರು ಅವಳ ಬೆನ್ನ ಹಿಂದೆ ನಿಂತರು. ಅವಳು ಎರಡು ಸಲ ಗುರಿ ತಪ್ಪಿದಳು.

"ಥೂ. ಬಾಲಕ್ಕೆ ಹೊಡೀತೀಯಲ್ಲೇ. ಕೊಕ್ಕಿನ ಮುಂದೆ ಹೊಡಿ."

ಯಶು ತಿರುಗಿ ನೋಡಿದಳು. "ಅಜ್ಜ, ನಿಂಗೆ ಗೊತ್ತಾ ಇದು?"

"ಏಳು" ಅಂದರು ಮಾವ.

ಏಪ್ರಿಲ್ 14, ಭಾನುವಾರ

ನನ್ನ ಕೆಲಸ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಣೆ. ಅಲ್ಲಿಗೆ ಜನ ಬರುವುದು ಪೇಪರಿಗೆ ಮತ್ತು ಫ್ಯಾನಿಗೆ. ಈಗ ಮನೆಯಲ್ಲೂ ಅದೇ ಸ್ಥಿತಿ: ಕಂಪ್ಯೂಟರ್ ಕೋಣೆಯಲ್ಲಿ ಫ್ಯಾನು, ಫ್ಯಾನಿನ ಕೆಳಗೆ ಮಾವ, ಪಕ್ಕದಲ್ಲಿ ಯಶು. ಮಾವನ ಬಲಗೈಯಲ್ಲಿ ಹಿಡಿಕೋಲು. ಅದನ್ನು ವಾಲಿಸಿದತ್ತ ವಿಮಾನ ವಾಲುತ್ತದೆ, ಅದರ ಗುಂಡಿ ಒತ್ತಿದರೆ ಗುಂಡು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗಲಿಲ್ಲ.

ಯಶು ಪಾಠ ಹೇಳುತ್ತಾಳೆ. ವಿಮಾನ ಇರುವ ಕಡೆ ಹೊಡೆದರೆ ಗುಂಡು ಹೋಗಿ ಮುಟ್ಟುವಷ್ಟರಲ್ಲಿ ಅದು ಅಲ್ಲಿರುವುದಿಲ್ಲ. ಅದು ಹೋಗಲಿರುವ ಖಾಲಿ ಜಾಗಕ್ಕೆ ಹೊಡೆಯಬೇಕು. ಅಡ್ಡ ಹಾರುವುದಾದರೆ ಮುಂದೆ ಹೆಚ್ಚು ಜಾಗ ಬಿಡಬೇಕು, ಓಡಿಹೋಗುತ್ತಿರುವುದರ ಬೆನ್ನ ಹಿಂದೆಯೇ ಇದ್ದರೆ ಕಡಿಮೆ. ಎರಡೂ ರೆಕ್ಕೆಯ ಕೋವಿಗಳ ಗುಂಡುಗಳು ಮುಂದೆ ಒಂದು ಕಡೆ ಕೂಡುತ್ತವೆ, ಆ ಜಾಗಕ್ಕೆ ಸರಿಯಾಗಿ ಶತ್ರು ಬರಬೇಕು. ಅದಕ್ಕಿಂತ ದೂರದಿಂದ ಹೊಡೆಯುವುದು ದಂಡ. ಗುಂಡಿ ಒತ್ತಿ ಹಿಡಿಯಬಾರದು, ಚೂರು ಚೂರು ಒತ್ತಬೇಕು.

"ಇದನ್ನ ನಂಗೆ ಹೇಳ್ತಾಳೆ" ಅಂದರು ಮಾವ. "ಒಂದೇ ತೋಟಾ ಹಾಕ್ಕಂಡು ಕಾಡಲ್ಲಿ ಕೂತವ್ನಿಗೆ! ಕಾದು ಕೂರೋದು ನಿಮ್ಮ ಪೈಲಟಿಗೆ ಗೊತ್ತನಾ?"

ಎಡಗಣ್ಣು ಮುಚ್ಚಿ, ಮೋರೆ ಕಿವುಚಿ, ಪರದೆಗೇ ಗುರಿ ಹಿಡಿಯುತ್ತಾರೆ. ಕೋವಿ ಹಿಡಿದಾಗಿನ ಅದೇ ಮೋರೆ. ಯಶು ಬಿದ್ದು ಬಿದ್ದು ನಕ್ಕಳು. ಆದರೆ ಹೊಡೆದರು. ಬೆಂಕಿ ಹತ್ತಿ ಒಂದು ಬಿತ್ತು, ಇನ್ನೊಂದು ಬಿತ್ತು. ಆಮೇಲೆ ಎಲ್ಲಿಂದಲೋ ಬಂದ ವಿಮಾನ ಇವರನ್ನೇ ಬೀಳಿಸಿತು.

ಮಾವ ಇವತ್ತು ಊಟಕ್ಕೆ ಮೊದಲು ಹಲವು ಸಲ ಸತ್ತರು. ಊಟಕ್ಕೆ ಮಾತ್ರ ಸರಿಯಾದ ಹೊತ್ತಿಗೆ ಬಂದರು.

ಏಪ್ರಿಲ್ 21, ಭಾನುವಾರ

ಇವತ್ತು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ, ಮಾವನ ಎಡಕ್ಕೆ. ಬೀನ್ಸ್ ಮುರಿಯುತ್ತ ಕೂತಿದ್ದೆ, ಮಾತಾಡಲಿಲ್ಲ. ಆಟದ ನಡುವೆ ಮಾವ ಬಲಕ್ಕಿದ್ದ ಯಶುವಿಗೆ ಹೇಳಿದರು:

"ನಿಮ್ಮಮ್ಮ ಉಪ್ಪಿನಕಾಯಿ ಬಡಿಸೋದೇ ಬಿಟ್ಟಿದಾಳೆ. ಕೇಳಿದ್ರೆ ಸಿಟ್ಟು. ನಿಮ್ಮಜ್ಜಿ ಹೋದ್ಮೇಲೆ ಈ ಮನೇಲಿ ನಂದು ಲೆಕ್ಕಕ್ಕಿಲ್ಲ ಬಿಡು."

ನಾನು ಮೊಳದ ದೂರದಲ್ಲಿದ್ದೆ! ಯಶು ಗಾಬರಿಯಾಗಿ ನನ್ನ ಮುಖ ನೋಡಿದಳು. ಮಾವ ನೋಡಲೂ ಇಲ್ಲ. ಎದುರಿಗೇ ಕೂರಿಸಿಕೊಂಡು ಇಲ್ಲದವಳ ಹಾಗೆ ಮಾತಾಡುವುದು ಅಂದರೆ ಹೀಗೆ.

ಎದ್ದು ಬಂದೆ. ಬೀನ್ಸ್ ಸೀದಿತು. ಪ್ರಾಸ ಹೊಳೆಯಿತು, ಬರೆಯುವ ಹಾಗಿಲ್ಲ.

ಏಪ್ರಿಲ್ 27, ಶನಿವಾರ

ಯಶು ಅಡುಗೆಮನೆಗೆ ಬಂದು, "ಅಮ್ಮ, ಒಂಚೂರು ಬಾ" ಅಂದಳು. ಮಾವ ತೋಟದ ಕಡೆ ಹೋಗಿದ್ದರು.

ಆಡಿದ ಆಟವನ್ನು ಮತ್ತೆ ಹಾಕಿ ನೋಡಲು ಬರುತ್ತದಂತೆ. ಅಜ್ಜನ ಗುರಿ ಎಲ್ಲಿ ತಪ್ಪುತ್ತದೆ ಅಂತ ನೋಡಲು ಹಾಕಿದ್ದಳಂತೆ.

"ಬಲಕ್ಕೆ ಹಾರೋದನ್ನ ನೋಡು. ಎಷ್ಟು ಚಂದ ಮುಂದೆ ಬಿಟ್ಟು ಹೊಡೀತಾನೆ ಅಜ್ಜ. ನಂಗೂ ಬರಲ್ಲ ಹಿಂಗೆ. ಈಗ ಎಡಕ್ಕೆ ಹಾರೋದನ್ನ ನೋಡು."

ನೋಡಿದೆ. ಎಡಕ್ಕೆ ಹಾರುವುದಕ್ಕೆ ಮುಂದೆ ಬಿಡುವುದೇ ಇಲ್ಲ. ಎಲ್ಲ ಗುಂಡೂ ಬಾಲದ ಹಿಂದೆ. ಇವರನ್ನು ಬೀಳಿಸಿದ ವಿಮಾನಗಳೂ ಎಡದಿಂದಲೇ ಬಂದಿದ್ದವು, ಪ್ರತಿ ಸಲವೂ.

"ಎಡಗಣ್ಣು ಮುಚ್ಕತಾರಲ್ಲೇ, ಅದಕ್ಕೆ" ಅಂದೆ.

"ನಾನೂ ಹಂಗೇ ಅಂದ್ಕಂಡೆ. ನಿನ್ನೆ ಎರಡೂ ಕಣ್ಣು ಬಿಟ್ಕಂಡು ಆಡು ಅಂದೆ. ಆಡಿದ. ಹಿಂಗೇ ಆತು." ಪರದೆ ಅಲ್ಲೇ ನಿಲ್ಲಿಸಿ ಕೇಳಿದಳು, "ಅಮ್ಮ, ಎಡಕ್ಕೆ ಹೊಡೀಬೇಕಾದ್ರೆ ಖಾಲಿ ಜಾಗ ಎಡಕ್ಕಿರ್ತದೆ. ಆ ಜಾಗ ಅಜ್ಜಂಗೆ ಕಾಣ್ತದನಾ?"

ನಮ್ಮ ಮನೆಯಲ್ಲಿ ಯಾರೂ ಇದನ್ನು ಯಾಕೆ ಯೋಚಿಸಲಿಲ್ಲ? ಕೋವಿ ಹಿಡಿಯುವವರು ಎಡಗಣ್ಣು ಮುಚ್ಚುತ್ತಾರೆ. ಎಡಕ್ಕೆ ಏನು ತಪ್ಪಿದರೂ ಕೋವಿಯವರ ಅಭ್ಯಾಸ ಅಂದುಕೊಂಡೆವು. ಚಳಿಗಾಲದ ಕಣ್ಣಿನ ಶಿಬಿರದಲ್ಲಿ ಅಕ್ಷರವೆಲ್ಲ ಓದಿ, 'ಕಣ್ಣು ಹುಡುಗರದ್ದು' ಅನ್ನಿಸಿಕೊಂಡು ಬಂದವರು ಅವರು.

ಏಪ್ರಿಲ್ 28, ಭಾನುವಾರ

ಮಧ್ಯಾಹ್ನ ಉಪ್ಪಿನಕಾಯಿಯನ್ನು ಎಲೆಯ ಬಲಕ್ಕೆ ಬಡಿಸಿದೆ.

"ಓ" ಅಂದರು ಮಾವ. "ಇವತ್ತು ಹಾಕಿದೀಯ." ಮಿಡಿ ಕಚ್ಚಿ ನಕ್ಕರು.

ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಏಪ್ರಿಲ್ ಇಪ್ಪತ್ತೊಂದರಂದು ಬರೆದದ್ದನ್ನು ಹೊಡೆದುಹಾಕೋಣ ಅನ್ನಿಸಿತು. ಬೇಡ, ಇರಲಿ. ನಾನು ಅಲ್ಲಿ ಕೂತದ್ದು ಅವರಿಗೆ ಕಂಡಿರಲೇ ಇಲ್ಲ.

ಮೇ 3, ಶುಕ್ರವಾರ

'ಕನ್ನಡಕ ಬದಲಿಸೋಣ' ಅಂತ ಸಾಗರದ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದು ಬೋಗುಣಿಯಂಥ ಯಂತ್ರದೊಳಗೆ ಮುಖ ಇಡಿಸಿ, ನಡುವಿನ ದೀಪವನ್ನೇ ನೋಡುತ್ತಿರಿ, ಸುತ್ತ ಎಲ್ಲಿ ಮಿಣುಕು ಕಂಡರೂ ಗುಂಡಿ ಒತ್ತಿ ಅಂದರು. ಗುಂಡಿ ಒತ್ತುವುದು ಅಂದರೆ ಮಾವನಿಗೆ ಈಗ ಉತ್ಸಾಹ. ಆಮೇಲೆ ಶಿವಮೊಗ್ಗಕ್ಕೆ ಹೋಗಿ ತಲೆಯ ಸ್ಕ್ಯಾನು. ದಿನವೆಲ್ಲ ಬಸ್ಸಿನಲ್ಲೇ ಹೋಯಿತು.

ಸ್ಕ್ಯಾನು ನೋಡಿ ಅಲ್ಲಿನ ಡಾಕ್ಟರರು ಹೇಳಿದರು, ಕಣ್ಣು ಸರಿ ಇದೆಯಂತೆ. ತಲೆಯ ಹಿಂಭಾಗದಲ್ಲಿ ಒಂದು ರಕ್ತನಾಳ ಕಟ್ಟಿಕೊಂಡು, ನೋಡುವ ಮಿದುಳಿನ ಒಂದು ಪಾಲು ಸತ್ತಿದೆಯಂತೆ. ಎರಡೂ ಕಣ್ಣಿಗೆ ಎಡಭಾಗ ಇಲ್ಲ. ಅಲ್ಲಿ ಕತ್ತಲೆಯೂ ಕಾಣುವುದಿಲ್ಲವಂತೆ, ಅದಕ್ಕೇ ಇಲ್ಲ ಅನ್ನುವುದು ಅವರಿಗೇ ಗೊತ್ತಾಗುವುದಿಲ್ಲ. ಸಂಕ್ರಾಂತಿ ಹೊತ್ತಿನ ತಲೆನೋವು, ನಾವು ಪಿತ್ತ ಅಂತ ಕಷಾಯ ಕುಡಿಸಿದ್ದು, ಅದೇ ಇರಬೇಕು. ಇಷ್ಟು ತಿಂಗಳಾದ ಮೇಲೆ ಹೋದದ್ದು ಬರುವ ಆಸೆ ಕಡಿಮೆ. ಇನ್ನೊಮ್ಮೆ ಆಗದ ಹಾಗೆ ಮಾತ್ರೆ.

"ಕೋವಿ?" ಅಂತ ಕೇಳಿದೆ.

ಡಾಕ್ಟರರು ಪೆನ್ನು ಕೆಳಗಿಟ್ಟರು. "ಇವರ ಹತ್ತಿರ ಕೋವಿ ಇದೆಯಾ?"

ಬಸ್ಸಿನಲ್ಲಿ ಮಾವ ಅಂದರು, "ಅವನಿಗೇ ತಲೆ ಸರಿ ಇಲ್ಲ. ಅರ್ಧ ಇಲ್ದಿದ್ರೆ ನಂಗೆ ಗೊತ್ತಾಗಲ್ವಾ? ಅಲ್ನೋಡು ಮರ, ಇಲ್ನೋಡು ಕೆರೆ. ಎಲ್ಲ ಕಾಣ್ತದೆ."

ನಿಜ. ತಲೆ ತಿರುಗಿಸಿದರೆ ಎಲ್ಲವೂ ಕಾಣುತ್ತದೆ. ಗುರಿ ಹಿಡಿದವರು ತಲೆ ತಿರುಗಿಸುವುದಿಲ್ಲ.

ಎಡ, ಗಿಡ, ತಡ, ಬಿಡ. ಪ್ರಾಸಕ್ಕೆ ಪದಗಳಿದ್ದವು. ಬರೆಯಲಿಲ್ಲ.

ಮೇ 7, ಮಂಗಳವಾರ

ಮತ ಹಾಕಿ ಬಂದೆವು. ಮಾವ ಶಾಯಿ ಹಚ್ಚಿದ ಬೆರಳನ್ನು ಮುಖದ ಮುಂದೆ ಹಿಡಿದು ಒಣಗಿಸುತ್ತ, "ಆತು. ಇನ್ನು ಎಣಿಕೆ ಆದ್ರೆ ಕೋವಿ ಬತ್ತದೆ" ಅಂದರು. ಹಬ್ಬಕ್ಕೆ ದಿನ ಎಣಿಸುವ ಹಾಗೆ.

ಕೋಣೆಗೆ ಬಂದು ಇವರ ಎದುರು ನಿಂತೆ. "ಈಗಾದ್ರೂ ಹೇಳ್ತೀರಾ ಇಲ್ವಾ?"

"ನಾನು ಹೆಂಗೆ ಹೇಳ್ಲಿ ಪ್ರತಿಮಾ?" ಅಂದರು ಇವರು. "ನಾನು ಸಣ್ಣವನಿದ್ದಾಗ ಅಪ್ಪ ಆ ಕೋವಿ ಹೆಗಲಿಗೆ ಹಾಕ್ಕಂಡು ಧಣಿ ಮನೆ ಮುಂದೆ ನಡೆದದ್ದು ನೋಡಿದೀನಿ. ಸುಮ್ನೆ. ಎಂತ ಕೆಲಸನೂ ಇರ್ಲಿಲ್ಲ ಅಲ್ಲಿ. ಸುಮ್ನೆ ನಡೆದು ವಾಪಸು ಬಂದ. ನಾನು ಹಿಂದೆ ಹಿಂದೆ ಓಡಿದ್ದೆ. ಆ ಕೋವಿ ಇಡು ಅಂತ ನಾನು ಹೆಂಗೆ ಹೇಳ್ಲಿ?"

ಇಪ್ಪತ್ತು ವರ್ಷದಲ್ಲಿ ಇವರು ಇಷ್ಟು ಉದ್ದ ಮಾತಾಡಿದ್ದು ನೆನಪಿಲ್ಲ.

ಮೇ 12, ಭಾನುವಾರ

ನಾನೀಗ ಆಟದಲ್ಲಿ ಕೂಗುವವಳು. ಯಶುವಿನ ಉಪಾಯ: ಯುದ್ಧ ವಿಮಾನ ಒಂಟಿಯಾಗಿ ಹೋಗುವುದಿಲ್ಲವಂತೆ, ಜೊತೆಗೊಂದು ಇರುತ್ತದಂತೆ. ಮುಂದಿನವನು ಗುರಿ ನೋಡುವಾಗ ಜೊತೆಯವನು ಸುತ್ತ ನೋಡಬೇಕು. ನಾನು ಎಡಕ್ಕೆ ಸ್ಟೂಲು ಹಾಕಿಕೊಂಡು, "ಎಡಕ್ಕೆ ಒಂದು ಬಂತು ಮಾವ", "ಎಡಕ್ಕೆ ಮೇಲಿಂದ" ಅನ್ನುತ್ತೇನೆ. ಮಾವ ಆ ಕಡೆ ವಿಮಾನ ತಿರುಗಿಸುತ್ತಾರೆ, ಕಾಣುತ್ತದೆ, ಹೊಡೆಯುತ್ತಾರೆ. ಇವತ್ತು ಸಾಯಲೇ ಇಲ್ಲ. ಬೀಳಿಸಿದ್ದಕ್ಕೆಲ್ಲ "ಹೋತು!" ಅಂತ ನಾನೇ ಕೂಗಿದೆನಂತೆ. ಯಶು ಹೇಳಿದಳು. ನನಗೆ ನೆನಪಿಲ್ಲ.

ಮೊನ್ನೆ ಗ್ರಂಥಾಲಯಕ್ಕೆ ಹೋಗುವಾಗ ದಾರಿಯಲ್ಲಿ ಹದ್ದೊಂದು ಅಡ್ಡ ಹಾರಿತು. ಎಷ್ಟು ಮುಂದೆ ಬಿಡಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ನಲವತ್ತೈದರಲ್ಲಿ ಹತ್ತಿದ ಚಟ.

ಮೇ 19, ಭಾನುವಾರ

ಯಶು ಮಾವನ ಗುರಿಗೆಂದು ಒಂದೇ ವಿಮಾನವನ್ನು ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಹಾರಿಸಿದಳು. ಕೂಗಬೇಡ ಅಂತ ನನಗೆ ಹೇಳಿದ್ದಳು. ಬಲಕ್ಕೆ ಹಾರಿದ್ದು ಉರಿದು ಬಿತ್ತು. ಎಡಕ್ಕೆ ಹಾರಿದ್ದು ಹಾರಿಹೋಯಿತು. ಮತ್ತೆ ಹಾಗೇ. ಮತ್ತೆ ಹಾಗೇ.

"ಅಜ್ಜ, ನೋಡ್ದ್ಯಾ?"

"ಈ ಮಿಷನ್ನೇ ಸರಿ ಇಲ್ಲ" ಅಂದರು. "ಎಡಕ್ಕೆ ಓಡೋ ವಿಮಾನಕ್ಕೆ ಎಂತದೋ ಮಾಡಿಟ್ಟಿದಾರೆ. ಕೋವಿ ಬರ್ಲಿ, ತೋರ್ಸ್ತೀನಿ. ಕೋವಿಲಿ ನಂಗೆ ತಪ್ಪಲ್ಲ."

ಬೀನ್ಸೂ ಇಲ್ಲ, ಒಲೆಯೂ ಇಲ್ಲ, ಎದ್ದುಹೋಗಲು ನೆಪ ಇರಲಿಲ್ಲ. ಮಾವನ ಎದುರು ದನಿ ಎತ್ತಿದವಳೂ ಅಲ್ಲ ನಾನು. ಎತ್ತಲೂ ಇಲ್ಲ.

"ಮಾವ, ಅವತ್ತು ಜಟ್ಟಿಂಗಪ್ಪಣ್ಣ ಯಾವ ಕಡೆಯಿಂದ ಬಂದ್ರು?"

ಮಾವನ ಕೈ ಹಿಡಿಕೋಲಿನ ಮೇಲೆ ಇತ್ತು. ಪರದೆಯಲ್ಲಿ ವಿಮಾನ ತಾನಾಗಿ ಕೆಳಗೆ ಹೋಗಿ ಹೋಗಿ ಸಮುದ್ರಕ್ಕೆ ಬಿತ್ತು. ಅವರು ಕೈ ತೆಗೆಯಲಿಲ್ಲ, ಪರದೆ ನೋಡಲೂ ಇಲ್ಲ. ಆಮೇಲೆ ಎದ್ದರು. ಬಾಗಿಲ ಎಡಚೌಕಟ್ಟಿಗೆ ಭುಜ ತಾಗಿಸಿಕೊಂಡೇ ಹೊರಗೆ ಹೋದರು. ದಿನಾ ತಾಗಿಸಿಕೊಳ್ಳುತ್ತಾರೆ. ಇವತ್ತು ತಿರುಗಿ ಆ ಚೌಕಟ್ಟನ್ನು ಮುಟ್ಟಿ ನೋಡಿದರು.

ಮೇ 20, ಸೋಮವಾರ

ಬೆಳಿಗ್ಗೆ ಕಾಫಿ ಮುಗಿಸಿ ಮಾವ ಜಟ್ಟಿಂಗಪ್ಪಣ್ಣನ ಅಂಗಳಕ್ಕೆ ಹೋದರು. ನಾನು ಹಿಂದೆಯೇ ಹೋದೆ.

"ಜಟ್ಟಿಂಗಪ್ಪ, ಒಂದು ಹುಲ್ಲಿನ ಹೊರೆ ಹೊತ್ಕಾ."

"ಎಂತಕ್ಕೆ ಮಾಸ್ತಪ್ಪಣ್ಣ? ಬಾಕಿ ಉಳಿದಿದ್ದ ಚರೆ ಹೊಡೆಯಕಾ?"

ಮಾವ ನಗಲಿಲ್ಲ. "ಅವತ್ತು ಹೆಂಗೆ ಬಂದ್ಯೋ ಹಂಗೇ ಬಾ. ನಾನು ಅಲ್ಲೇ ನಿಂತಿರ್ತೀನಿ."

ಜಟ್ಟಿಂಗಪ್ಪಣ್ಣ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅವರು ಮತ್ತೇನೂ ಕೇಳದೆ ಹೊರೆ ಕಟ್ಟಿದರು.

ಮಾವ ಬಾಳೆಬುಡದ ಹತ್ತಿರ, ಅವತ್ತು ನಿಂತಲ್ಲೇ ನಿಂತರು. ಕೋವಿಯ ಬದಲು ಕೈಯಲ್ಲಿ ಊರುಗೋಲು. ಅದನ್ನು ಭುಜಕ್ಕೆ ಕೊಟ್ಟು ಹಲಸಿನ ಮರದ ಕವಲಿಗೆ ಗುರಿ ಹಿಡಿದರು. ಎಡಗಣ್ಣು ಮುಚ್ಚಿದರು. ಆಮೇಲೆ, ಏನನ್ನಿಸಿತೋ, ತೆರೆದರು. ನನಗೆ ಅವರ ಹಿಂದೆ ನಿಲ್ಲಲು ಹೇಳಿದರು. "ಮಾತಾಡಬಾರ್ದು ನೀನು. ಎಡಕ್ಕೆ ಅನ್ನಬಾರ್ದು."

ಜಟ್ಟಿಂಗಪ್ಪಣ್ಣ ಅಂಚಿನ ಮೇಲೆ ನಡೆಯತೊಡಗಿದರು. ಎಡಗಡೆಯಿಂದ. ಬರಿಗಾಲು, ಹಸಿಹುಲ್ಲು, ಸದ್ದೇ ಇಲ್ಲ. ಬಂದರು, ಇನ್ನೂ ಹತ್ತಿರ ಬಂದರು, ಮರಕ್ಕೂ ಇವರಿಗೂ ನಡುವಿನ ದಾರಿಗೆ ತಿರುಗಿದರು, ಊರುಗೋಲಿನ ತುದಿಯ ಎಡಪಕ್ಕದಲ್ಲಿ ಬಂದು ನಿಂತರು. ನಾನು ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದೆ.

"ಹೊರಟ್ಯೇನೋ ಜಟ್ಟಿಂಗಪ್ಪ?" ಅಂದರು ಮಾವ, ಮರದಿಂದ ಕಣ್ಣು ಕೀಳದೆ. "ಬಾರೋ ಬೇಗ."

ಜಟ್ಟಿಂಗಪ್ಪಣ್ಣ ಹೊರೆಯ ಕೆಳಗಿಂದ ನನ್ನ ಕಡೆ ನೋಡಿದರು.

"ಕೇಳ್ತಾ?"

"ಬಂದೇ ಬಿಟ್ಟಿದೀನಿ ಮಾಸ್ತಪ್ಪಣ್ಣ" ಅಂದರು ಜಟ್ಟಿಂಗಪ್ಪಣ್ಣ ಮೆಲ್ಲಗೆ. "ನಿನ್ ಕೋಲಿನ ಪಕ್ಕ ನಿಂತಿದೀನಿ. ಕೈ ಹಾಕಿದ್ರೆ ಸಿಗ್ತೀನಿ."

ಮಾವ ತಲೆ ತಿರುಗಿಸಿದರು. ಹೊರೆಯ ಕೆಳಗಿನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಊರುಗೋಲನ್ನು ಇಳಿಸಿದರು. ಅದನ್ನು ಊರಿಕೊಳ್ಳಲು ಹೋದರೆ ನೆಲ ಎಲ್ಲಿದೆ ಅಂತ ತಿಳಿಯದವರ ಹಾಗೆ ಒಮ್ಮೆ ತಡಕಾಡಿದರು.

"ಹೊರೆ ಇಳ್ಸು. ಭಾರ."

"ಭಾರ ಎಂತ ಇಲ್ಲ ಬಿಡು. ಸೀಸ ಹೆಕ್ಕಿಯಾಗಿದೆ." 

ಜಟ್ಟಿಂಗಪ್ಪಣ್ಣ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಮಾವ ಅವರ ಹೆಗಲ ಮೇಲೆ ಕೈ ಇಟ್ಟಿದ್ದರು. ಅಷ್ಟೇ.

ಇವತ್ತು ಕಂಪ್ಯೂಟರಿನ ಮೇಲೆ ಬಟ್ಟೆ ಹಾಗೇ ಇತ್ತು.

ಮೇ 30, ಗುರುವಾರ

ಮಾವ ಮಾತು ಕಡಿಮೆ ಮಾಡಿದ್ದಾರೆ. ಊಟಕ್ಕೆ ಕೂತಾಗ ತಾವೇ ಎಲೆಯನ್ನು ಸ್ವಲ್ಪ ಬಲಕ್ಕೆ ಎಳೆದುಕೊಳ್ಳುತ್ತಾರೆ. ಯಶು ಶಿವಮೊಗ್ಗಕ್ಕೆ ಹೋದಳು.

ಜೂನ್ 4, ಮಂಗಳವಾರ

ಎಣಿಕೆ ಮುಗಿಯಿತು. ಊರಲ್ಲಿ ಪಟಾಕಿ. ಸದ್ದಿಗೆ ಮಾವ ಗೋಡೆಯ ಖಾಲಿ ಗೂಟದ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ.

ಜೂನ್ 12, ಬುಧವಾರ

ಠಾಣೆಯಿಂದ ಫೋನು ಬಂತು, ಕೋವಿ ಒಯ್ಯಿರಿ ಅಂತ. ಮಾವ ಬಿಳಿ ಅಂಗಿ ಹಾಕಿಕೊಂಡರು. "ಪ್ರತಿಮಾ, ನೀನೂ ಬಾ" ಅಂದರು.

ಇವರ ಬಸ್ಸಿನಲ್ಲೇ ಹೋದೆವು. ಮಾವ ಕಿಟಕಿಯ ಕಡೆ, ನಾನು ಎಡಕ್ಕೆ. ಬಸ್ಸಿನಲ್ಲಿ, ದಾರಿಯಲ್ಲಿ, ಜಗುಲಿಯಲ್ಲಿ, ಎಲ್ಲಿ ನೋಡಿದರೂ ನಾನು ಎಡಕ್ಕೇ ಇದ್ದೇನೆ ಅಂತ ಇವರು ಮೊನ್ನೆ ಹೇಳುತ್ತಿದ್ದರು. ಇರಬಹುದು. ಜಾಗ ಅಲ್ಲೇ ಖಾಲಿ ಇರುತ್ತದೆ.

ಠಾಣೆಯಲ್ಲಿ ಕೋವಿಗಳ ಸಾಲು ಅರ್ಧ ಕರಗಿತ್ತು. ನಮ್ಮದು ಹಳೆ ಪಂಚೆಯಲ್ಲೇ ಇತ್ತು. ಪೊಲೀಸಿನವರು ಬಿಚ್ಚಿ ಮೇಜಿನ ಮೇಲಿಟ್ಟರು. ಮಾವ ನಳಿಗೆಯ ಮೇಲೆ ಒಮ್ಮೆ ಬೆರಳು ಆಡಿಸಿ, ಬೆರಳನ್ನು ಮೂಸಿ ನೋಡಿದರು.

"ವಾಪಸು ಬ್ಯಾಡ ಸ್ವಾಮಿ. ಇಟ್ಕಳಿ."

"ಯಾಕೆ ಯಜಮಾನ್ರೇ? ಲೈಸೆನ್ಸ್ ಇನ್ನೂ ಇದೆಯಲ್ಲ?"

ನಾನು ಉತ್ತರ ಹೇಳಲು ಹೊರಟೆ. ಮಾವ ಕೈ ಅಡ್ಡ ಹಿಡಿದರು.

"ಲೈಸೆನ್ಸ್ ಇದೆ. ನಂಗೆ ಎಡಗಡೆ ಇಲ್ಲ."

ಪೊಲೀಸಿನವರಿಗೆ ಅರ್ಥವಾಗಲಿಲ್ಲ. ಮಾವ ಬಿಡಿಸಿಯೂ ಹೇಳಲಿಲ್ಲ. ಬೇಡ ಅನ್ನುವುದಕ್ಕೂ ಒಂದು ಅರ್ಜಿ ಕೊಡಬೇಕಂತೆ. ನಾನು ಬರೆದೆ, ಅವರು ಸಹಿ ಮಾಡಿದರು. ಆದೇಶ ಬರುವವರೆಗೆ ಕೋವಿ ಅಲ್ಲೇ ಇರುತ್ತದೆ. ಮಾವ ಪಂಚೆಯನ್ನು ಮಾತ್ರ ಮಡಚಿ ವಾಪಸು ತಗೊಂಡರು.

ಮಾರ್ಚಿನಿಂದ ನಾನು ಬಯಸಿದ್ದು ಇದೇ. ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಾಗ ಮಾವನ ತೊಡೆಯ ಮೇಲೆ ಆ ಮಡಚಿದ ಪಂಚೆ ಇತ್ತು. ಅದನ್ನು ನೋಡಲಾಗಲಿಲ್ಲ. ಬಿಸಿಲಿಗೆ ಕಣ್ಣಲ್ಲಿ ನೀರು ಬಂತು ಅಂದೆ. ಮೋಡ ಕವಿದಿತ್ತು.

ಬಸ್ಸು ಬಂತು. ಇವರು ಇಳಿದು ಬಂದು ಅಪ್ಪನ ಕೈ ಹಿಡಿದು ಹತ್ತಿಸಿದರು. ಕಂಡಕ್ಟರ್ ಸೀಟಿ ಊದಿದರೂ ಇವರು ಬೇಗ ಹೊರಡಿಸಲಿಲ್ಲ. ಹೊರಟ ಮೇಲೂ ಕನ್ನಡಿಯಲ್ಲಿ ಎಷ್ಟೋ ಸಲ ಅಪ್ಪನನ್ನು ನೋಡಿದರು.

ಜೂನ್ 14, ಶುಕ್ರವಾರ

ಬೆಳಿಗ್ಗೆ ಮಂಗಗಳು ಬಂದವು. ಕೋವಿಯ ಸುದ್ದಿ ಅವಕ್ಕೂ ಮುಟ್ಟಿರಬೇಕು, ಇಡೀ ಸಂಸಾರ ಸಮೇತ ಬಂದಿದ್ದವು. ನಾನು ಒಲೆ ಬಿಟ್ಟು ಓಡಿ ಬರುವಷ್ಟರಲ್ಲಿ ಮಾವ ಬಾಳೆಬುಡದ ಹತ್ತಿರ ನಿಂತಿದ್ದರು. ಕೈಯಲ್ಲಿ ಎಣ್ಣೆಡಬ್ಬ. ಇನ್ನೊಂದು ಕೈಯಲ್ಲಿ ಸೌದೆ ತುಂಡು.

ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ. ಕೊಡಿ ನಾನು ಬಡಿಯುತ್ತೇನೆ ಅನ್ನಬೇಕೆನಿಸಿತು. ಅನ್ನಲಿಲ್ಲ.

ಮಾವ ಸೌದೆ ಎತ್ತಿದರು. ಎರಡೂ ಕಣ್ಣು ತೆರೆದೇ ಇದ್ದವು. ಎತ್ತಿದ ಕೈ ಹಾಗೇ ನಿಂತಿತು. ಡಬ್ಬದ ಸದ್ದಿಗೆ ಯಾರೂ ಸಾಯುವುದಿಲ್ಲ. ಆದರೂ ಕೇಳಿದರು:

"ಎಡಕ್ಕೆ ಯಾರಿದಾರೆ?"

"ನಾನಿದೀನಿ ಮಾವ."

"ಹ್ಞೂಂ" ಅಂದರು. ಬಡಿದರು.